ಚಾಲಕನ ಸೀಟು ಕೊನೆಗೆ

ಸೀಟಿನಕ್ಕ ಗಂಡ ಸತ್ತಾಗ ಅಳಲಿಲ್ಲ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಬೀದಿಗೆ ಇನ್ನೇನು ಕೆಲಸ. ಸಮಾಧಾನ ಹೇಳಲು ಬಂದವರು ಕರವಸ್ತ್ರ ಮಡಚಿ ಹಿಡಿದುಕೊಂಡು ಬಂದರು, ಮಡಿಕೆ ಬಿಚ್ಚದೆ ವಾಪಸು ತೆಗೆದುಕೊಂಡು ಹೋದರು. ಅವಳು ಎಲ್ಲರಿಗೂ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಕೇಳಿದವರಿಗೆಲ್ಲ ಒಂದೇ ದನಿಯಲ್ಲಿ "ಹೌದು, ನಿದ್ದೆಯಲ್ಲೇ ಹೋದ್ರು" ಅಂದಳು. ತಿಂಗಳು ತುಂಬುವ ಮೊದಲೇ ಅಂಗಡಿಯ ಬಾಗಿಲು ತೆಗೆದು ಹೊಲಿಗೆ ಯಂತ್ರದ ಮುಂದೆ ಕೂತಳು. ಕಲ್ಲು ಮನಸ್ಸು ಅಂದರು ಜನ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಅದೇ ಅನುಮಾನವಿತ್ತು. ಊಟ ಮಾಡಿದರೆ ರುಚಿ ಇಲ್ಲ, ಬಿಟ್ಟರೆ ಹಸಿವಿಲ್ಲ. ಸೂಜಿ ಚುಚ್ಚಿದರೆ ನೋವಾಗುತ್ತಿತ್ತು, ಅದೂ ಬೆರಳಿಗೆ ಮಾತ್ರ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ ಎದ್ದವಳಿಗೆ ಏನೂ ಅನ್ನಿಸುತ್ತಿಲ್ಲ ಅಂದರೆ ನಾನೆಂಥ ಹೆಂಡತಿ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಆ ಪ್ರಶ್ನೆಯೂ ಬೇರೆ ಯಾರೋ ಇನ್ಯಾರನ್ನೋ ಕೇಳಿದ ಹಾಗಿತ್ತು.

ಅವಳದು ಕಾರು, ಬಸ್ಸು, ಲಾರಿಗಳ ಸೀಟು ಹೊಲಿಯುವ ಕೆಲಸ. ಮುಂದೆ ಅಂಗಡಿ, ಹಿಂದೆ ಒಂದು ಶೆಡ್ಡು, ಪಕ್ಕದಲ್ಲಿ ಮನೆ. ಅಂಗಡಿಯೊಳಗೆ ಕತ್ತದ ನಾರಿನ ಮೂಟೆ, ರೆಕ್ಸಿನ್ ಸುರುಳಿ, ಕಿಟಕಿಯ ಕೆಳಗೆ ಬಾಗಿಲಿನಷ್ಟು ದೊಡ್ಡ ಮೇಜು. ಹರಿದ ಸೀಟು ಹೊಲಿಯುವವರು ಬೇಕಾದಷ್ಟಿದ್ದರು. ಅವಳ ಹೆಸರು ನಿಂತದ್ದು 'ಸೊಂಟದ ಸೀಟಿ'ನಿಂದ. ಸೊಂಟ ಹಿಡಿದವರು, ಒಂದು ಕಾಲು ಗಿಡ್ಡ ಇರುವವರು, ಬೆನ್ನು ಬಗ್ಗಿದ ಲಾರಿ ಚಾಲಕರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಯಾವ ಕಡೆ ಎಷ್ಟು ಎತ್ತಬೇಕೋ ಅಷ್ಟು ದಪ್ಪದ ನಾರಿನ ದಿಂಡು ಒಳಗೇ ಕೂರಿಸಿ ಮೇಲಿಂದ ಗುರುತೇ ಸಿಗದ ಹಾಗೆ ಹೊಲಿದು ಕೊಡುತ್ತಿದ್ದಳು. ಬಂದವರಿಗೆಲ್ಲ ಒಂದು ಮಾತು ಹೇಳಲೇಬೇಕು: "ಮೊದಲನೇ ಸೀಟು ನಮ್ಮನೆಯವರಿಗೆ ಮಾಡಿದ್ದು. ಇವತ್ತಿನವರೆಗೂ ಸೊಂಟ ಅಂತ ಒಂದಿನ ಅಂದಿಲ್ಲ." ಗಂಡ ಅಲ್ಲೇ ಇದ್ದರೆ ತಲೆಯಾಡಿಸುತ್ತಿದ್ದ. "ರಾಜನ ಸಿಂಹಾಸನ" ಅನ್ನುತ್ತಿದ್ದ.

ಅವಳ ಹತ್ತಿರ ಕೆಲಸ ಕಲಿತ ಹೆಂಗಸರು ಮೊದಲ ದಿನವೇ ಕಲಿಯಬೇಕಾದ ಪಾಠವೊಂದಿತ್ತು. ಸೀಟಿನ ಒಳಗೆ ತುಂಬುವುದು ತಳದಿಂದ, ಅದಕ್ಕೆ ಸೀಟನ್ನು ಮೇಜಿನ ಮೇಲೆ ಬೋರಲು ಹಾಕಬೇಕು. "ಮಗುಚೋಕೆ ಮೊದಲು ಮೇಲ್ಗಡೆ ಚಾಕ್‌ಪೀಸಲ್ಲಿ ಗುರುತು ಹಾಕು. ಮಗುಚಿದ್ಮೇಲೆ ನಿನ್ನ ಬಲ ಅದರ ಎಡ" ಅನ್ನುತ್ತಿದ್ದಳು. ಮರೆತವರ ಕೈಗೆ ಕತ್ತರಿಯ ಹಿಡಿಯಿಂದ ಒಂದು ಪೆಟ್ಟು.

ಗಂಡ ಗಾಡಿಗಳ ವೈರಿಂಗ್ ಮೇಸ್ತ್ರಿ. ಚಿಕ್ಕಂದಿನಲ್ಲಿ ಮುರಿದ ಬಲಗಾಲು ಸೊಟ್ಟಗೆ ಕೂಡಿಕೊಂಡು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಅವನ ಪ್ಯಾಂಟುಗಳ ಬಲಗಾಲನ್ನು ಅಷ್ಟೇ ಮಡಚಿ ಹೊಲಿಯುವುದು ಅವಳಿಗೆ ಕಣ್ಣು ಮುಚ್ಚಿ ಮಾಡುವ ಕೆಲಸವಾಗಿಬಿಟ್ಟಿತ್ತು. ಮಾತು ಕಮ್ಮಿ, ಆಡಿದ್ದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅತ್ತ ಬೇಕು ಅನ್ನುವುದೂ ಇಲ್ಲ, ಇತ್ತ ಬೇಡ ಅನ್ನುವುದೂ ಇಲ್ಲ. ಅವನ ತಮ್ಮ ಎಂಜಿನ್ ಮೆಕ್ಯಾನಿಕ್, ಇವನಿಗೆ ತದ್ವಿರುದ್ಧ. ಒಂದು ನಟ್ಟು ಬಿಚ್ಚಬೇಕಾದರೂ ಬೀದಿಗೆ ಕೇಳುವಂತೆ ಮಾತಾಡಬೇಕು.

ಶೆಡ್ಡಿನಲ್ಲಿದ್ದ ಕಾರು, ಗುಂಡು ಕೆನ್ನೆಯ ಹಳೆಯ ಮಾದರಿಯದು. ಮದುವೆಯಾದ ಹೊಸದರಲ್ಲಿ ಓಡದ ಸ್ಥಿತಿಯಲ್ಲಿ ತಂದು ಓಡಿಸಿಕೊಂಡದ್ದು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ, ಆ ಮಗಳು ದೊಡ್ಡವಳಾಗಿ ಓಡಿಸಲು ಕಲಿತದ್ದೂ ಅದರಲ್ಲೇ. ಈಗ ಮಗಳು ಊರಿನ ಇನ್ನೊಂದು ತುದಿಯಲ್ಲಿದ್ದು ಶಾಲೆಯ ವ್ಯಾನು ಓಡಿಸುತ್ತಾಳೆ. ವರ್ಷ ಕಳೆದ ಹಾಗೆ ಕಾರಿಗೆ ಬೇರೆ ಹಾರನ್ನು, ಬೇರೆ ದೀಪ, ಬೇರೆ ಬಣ್ಣ ಬಂದಿದ್ದವು. ಕಣ್ಣು ಮಂದವಾಗಿ ಹೊರಗಿನ ಕೆಲಸ ಬಿಟ್ಟ ಮೇಲೆ ಗಂಡನಿಗೆ ಒಂದೇ ಹುಚ್ಚು ಹಿಡಿಯಿತು. ಕಾರ್ಖಾನೆಯ ಬಾಗಿಲಿನಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಆಗಬೇಕು ಈ ಕಾರು. ಹಳೆಯ ಕಾರುಗಳ ಸಂಘದವರು ಅಂಥ ಗಾಡಿಗೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಅದನ್ನು ಕೂರಿಸಲು ಎರಡು ಹಿತ್ತಾಳೆ ತಿರುಪುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಆಗಲೇ ತೆಗೆದಿಟ್ಟುಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ.

ಎಷ್ಟರಮಟ್ಟಿಗೆ ಹಳೆಯದರಂತೆ ಮಾಡಬೇಕು ಅನ್ನುವುದರ ಮೇಲೆ ಅಣ್ಣತಮ್ಮಂದಿರ ನಡುವೆ ದಿನಾ ಜಟಾಪಟಿ. ತಮ್ಮ ಪ್ಲಾಸ್ಟಿಕ್ ವೈರು ಸಾಕು ಅಂದರೆ ಅಣ್ಣ ಪ್ರತಿ ವೈರಿಗೂ ಹಳೆ ಕಾಲದ ಹಾಗೆ ಬಟ್ಟೆ ಸುತ್ತಿ, ಕಟ್ಟನ್ನು ಮೇಣದ ದಾರದಿಂದ ಗೇಣಿಗೊಂದು ಗಂಟು ಹಾಕಿ ಬಿಗಿದ. ಆ ಮಾದರಿಯಲ್ಲಿ ಕಾರ್ಖಾನೆಯವರು ಒಂದು ಕ್ಲಿಪ್ಪನ್ನು ತಲೆಕೆಳಗಾಗಿ ಹಾಕಿಬಿಟ್ಟಿದ್ದರಂತೆ. ಇವನೂ ತಲೆಕೆಳಗಾಗಿಯೇ ಹಾಕಿದ.

"ಅವರು ಮಾಡಿದ ತಪ್ಪನ್ನೂ ಹಾಗೇ ಮಾಡ್ಬೇಕಾ?" ಎಂದು ಅವಳು ನಕ್ಕಿದ್ದಳು.

"ತಪ್ಪೂ ಅದರದ್ದೇ ಅಲ್ವಾ" ಅಂದಿದ್ದ.

ಬಣ್ಣವಾಯಿತು, ಎಂಜಿನ್ನಾಯಿತು, ಹಿಂದಿನ ಸೀಟು, ಪಕ್ಕದ ಸೀಟು ಎರಡನ್ನೂ ಅವಳೇ ಕಾರ್ಖಾನೆಯ ಹೊಲಿಗೆಯಲ್ಲೇ ಹೊಸದು ಮಾಡಿ ಕೊಟ್ಟಳು. ಉಳಿದದ್ದು ಚಾಲಕನ ಸೀಟು, ಅದರ ನೇರ ಮೇಲೆ ಕಾರಿನ ಸೂರಿನ ಬಟ್ಟೆಯಲ್ಲಿ ಅಂಗೈಯಗಲದ ಒಂದು ಎಣ್ಣೆಯ ಕಲೆ. ಗಂಡ ತಲೆಗೆ ಎಣ್ಣೆ ಹಚ್ಚುತ್ತಿದ್ದ. ಮೊದಮೊದಲು ಸೂರಿಗೆ ತಾಗದ ತಲೆ ಬರಬರುತ್ತಾ ತಾಗತೊಡಗಿತ್ತು. "ಎಣ್ಣೆ ತಲೆ ತಂದು ಕಾರಿಗೆ ಒರೆಸ್ತೀರಲ್ಲ, ಮೊದಲು ಹೀಗಿರಲಿಲ್ಲ" ಎಂದು ಅವಳು ಬೈದರೆ "ನಾನಿನ್ನೂ ಬೆಳೀತಾ ಇದೀನಿ ಕಣೇ" ಅನ್ನುತ್ತಿದ್ದ. ಸೀಟು ಯಾವಾಗ ಬಿಚ್ಚೋಣ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಚಾಲಕನ ಸೀಟು ಕೊನೆಗೆ." ಬಾಕಿಯೆಲ್ಲ ಮುಗಿದು ಕೊನೆಯೂ ಬಂದಾಗ ಹಾರನ್ನಿನ ದನಿ ಸರಿಯಿಲ್ಲ ಎಂದು ಮತ್ತೆ ಬಿಚ್ಚಿ ಕೂತ. ಹಾರನ್ನು ಸರಿಯಾಯಿತು, ಗಡಿಯಾರ ಕೆಟ್ಟಿತು. ಗಡಿಯಾರ ಸರಿಹೋಗುವ ಮುಂಚೆ ಅವನೇ ಹೋದ.

ಈಗ ಸಂಘದ ಪರೀಕ್ಷಕರು ಬರುವ ದಿನ ಗೊತ್ತಾಗಿತ್ತು. ಮೈದುನ ಬಂದು ಅಂಗಡಿಯ ಬಾಗಿಲಲ್ಲಿ ನಿಂತ.

"ಅತ್ತಿಗೆ, ಗಡಿಯಾರ ನಾನು ಸರಿ ಮಾಡ್ದೆ, ಆ ಒಂದು ಸೀಟು ಮಾಡ್ಕೊಡಿ. ಸೊಂಟದ ದಿಂಡು ತೆಗೆದು ಕಾರ್ಖಾನೆ ಹಾಗೇ ಸಪಾಟಾಗಿರ್ಲಿ. ಅಣ್ಣನ ಆಸೆ. ಒಂದು ಸೀಟಿಗೋಸ್ಕರ ಬಿಲ್ಲೆ ತಪ್ಪಿದ್ರೆ ಅವನ ಆತ್ಮ ನನ್ನ ಸುಮ್ನೆ ಬಿಡಲ್ಲ."

ಅಷ್ಟರಲ್ಲಿ ಮಗಳು ಬಿಡುವು ಮಾಡಿಕೊಂಡು ವ್ಯಾನು ನಿಲ್ಲಿಸಿ ಒಳಬಂದು ಉಲ್ಟಾ ಹೇಳಿದಳು. "ಅಮ್ಮ, ಅದನ್ನ ಮುಟ್ಬೇಡ. ಅಪ್ಪ ಕೂತಿದ್ದ ಸೀಟು ಹಾಗೇ ಇರ್ಲಿ. ಬಿಲ್ಲೆ ಯಾರಿಗೆ ಬೇಕು."

"ನಿಮ್ಮಪ್ಪನಿಗೆ ಬೇಕಿತ್ತು" ಅಂದ ಚಿಕ್ಕಪ್ಪ.

"ನೀನೇನಂತೀಯಮ್ಮ?"

ಸೀಟಿನಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಬ್ಬರದು ಸತ್ತವನ ಆಸೆ, ಇನ್ನೊಬ್ಬರದು ಸತ್ತವನ ನೆನಪು. ಎರಡೂ ಸರಿಯೇ. ಎರಡರಲ್ಲಿ ಯಾವುದೂ ಅವಳ ಎದೆಯನ್ನು ಮುಟ್ಟಲಿಲ್ಲ, ಅದೇ ಅವಳಿಗೆ ಹೆದರಿಕೆ. ಸೀಟು ಅಂದರೆ ಸೀಟು ಅನ್ನಿಸಿತು, ಅಷ್ಟೇ. "ಅವರಿಗೆ ಹಳೇದರ ಹಾಗೆ ಬೇಕಿತ್ತಲ್ಲ, ಹಾಗೇ ಮಾಡ್ತೀನಿ" ಅಂದಳು. ಮಗಳು ಮುಖ ಊದಿಸಿಕೊಂಡು ಹೋದಳು.

ಮಾರನೆಯ ದಿನ ಬೆಳಿಗ್ಗೆ ಮೈದುನ ಸೀಟು ಕಳಚಿ ತಂದು ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ಹೋದ. ಕೈಗೆ ರೂಢಿಯಾದದ್ದು ತಲೆಯನ್ನು ಕೇಳುವುದಿಲ್ಲ. ಅವಳು ಚಾಕು ತೆಗೆಯುವ ಮೊದಲು ಚಾಕ್ ತೆಗೆದು, ಸೀಟಿನ ಬಲ ಅಂಚಿನ ಮೇಲೆ ದಪ್ಪ ಗೆರೆ ಎಳೆದು, ಆಮೇಲೆ ಮಗುಚಿದಳು. ತಳದ ಗೋಣಿಬಟ್ಟೆ ಕಂಡಿತು. ಅವಳು ಹೊಡೆದ ಮೊಳೆಗಳು ಅಲ್ಲಿರಲಿಲ್ಲ. ಬಟ್ಟೆಯನ್ನು ಯಾರೋ ಸುತ್ತಲೂ ಕಿತ್ತು, ಮೇಣದ ದಾರದಿಂದ ಮತ್ತೆ ಬಿಗಿದಿದ್ದರು. ಗೇಣಿಗೊಂದು ಗಂಟು.

ವೈರಿನ ಕಟ್ಟಿಗೆ ಹಾಕುವ ಗಂಟು. ಆ ಗಂಟನ್ನು ಬೀದಿಯಲ್ಲಿ ಬಿದ್ದಿದ್ದರೂ ಗುರುತಿಸುತ್ತಿದ್ದಳು ಅವಳು.

ದಾರ ಕತ್ತರಿಸಿ ಬಟ್ಟೆ ಸರಿಸಿದಳು. ಒಂದು ಬದಿಯಲ್ಲಿ ಅವಳದೇ ದಿಂಡು, ಕತ್ತದ ನಾರು, ಚೊಕ್ಕ ಹೊಲಿಗೆ, ಇನ್ನೂ ಗಟ್ಟಿ. ಇನ್ನೊಂದು ಬದಿಯಲ್ಲಿ ಬಟ್ಟೆಯ ಒಂದು ಅಟ್ಟಿ. ದಪ್ಪ ಉಣ್ಣೆಯ ತುಂಡುಗಳು, ವರ್ಷಗಟ್ಟಲೆ ಒಂದರ ಮೇಲೊಂದು ಸೇರಿಸಿದವು, ಕೆಳಗಿನವು ಒತ್ತಿ ಒತ್ತಿ ರೊಟ್ಟಿಯ ಹಾಗಾಗಿದ್ದವು. ಅವಳ ಅಂಗಡಿಯದೇ ಚೂರುಪಾರುಗಳು. ಬೂದು ಬಣ್ಣದ್ದು ಬಸ್ಸಿನ ಕೆಲಸದಲ್ಲಿ ಉಳಿದದ್ದು. ಕಂದು ಬಣ್ಣದ್ದು ಮಗಳ ಶಾಲೆಯ ಕೋಟಿನಿಂದ. ಹಸಿರು ತುಂಡನ್ನು ಅವಳು ಮನೆಯೆಲ್ಲ ಹುಡುಕಿ, ನಾದಿನಿಯೇ ಎತ್ತಿಕೊಂಡು ಹೋದಳೆಂದು ಒಂದಿಡೀ ಚಳಿಗಾಲ ಮಾತು ಬಿಟ್ಟಿದ್ದಳು. ಅದು ಇಲ್ಲಿತ್ತು. ಅಟ್ಟಿ ಅವಳ ದಿಂಡಿಗಿಂತ ಎತ್ತರ, ಸರಿಯಾಗಿ ಎರಡು ಬೆರಳು ಎತ್ತರ. ನಡುವೆ ಹಳ್ಳವಾಗದಂತೆ ಅಲ್ಲಿಗೂ ಚಿಂದಿ ತುರುಕಿದ್ದ.

ಏನಿದು ಎಂದು ಅವಳಿಗೆ ಮೊದಲು ಹೊಳೆಯಲಿಲ್ಲ. ತನ್ನ ದಿಂಡಿನ ಮೇಲೆ ಕೈಯಿಟ್ಟು, ಇನ್ನೊಂದು ಕೈಯನ್ನು ಮೇಜಿನ ಅಂಚಿನಿಂದ ಸೀಟಿನಡಿ ತೂರಿಸಿ ಚಾಕಿನ ಪುಡಿ ಎಲ್ಲಿ ಹತ್ತುತ್ತದೆ ನೋಡಿದಳು. ಪುಡಿ ಹತ್ತಿದ್ದು ಎದುರು ಬದಿಯಲ್ಲಿ, ಗಂಡನ ಅಟ್ಟಿಯ ಕೆಳಗೆ.

ಅವಳ ದಿಂಡು ಎಡಕ್ಕಿತ್ತು. ಗಿಡ್ಡ ಕಾಲು ಬಲಗಾಲು. ಆಗಿನ ಎಳೆ ವಯಸ್ಸಿನ ಹುರುಪಿನಲ್ಲಿ ಸೀಟನ್ನು ಬೋರಲು ಹಾಕಿ, ಕಣ್ಣಿಗೆ ಕಂಡ ಬಲಗಡೆ ದಿಂಡು ತುಂಬಿ, ಹೊಲಿದು, ಮಗುಚಿ ಕೊಟ್ಟಿದ್ದಳು. ತಗ್ಗಿದ್ದ ಕಡೆ ಬಿಟ್ಟು ಎತ್ತರದ ಕಡೆಯನ್ನೇ ಇನ್ನೂ ಎತ್ತಿದ್ದಳು. ಊರವರ ಸೊಂಟಕ್ಕೆಲ್ಲ ಸೀಟು ಮಾಡಿದವಳು ಮನೆಯವನ ಸೊಂಟಕ್ಕೆ ಮಾಡಿದ್ದು ಇದು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು ಸುಳ್ಳಲ್ಲ.

ಆಗ ಇನ್ನೊಂದು ನೆನಪಾಯಿತು. ಆ ಸೀಟು ಮಾಡಿಕೊಟ್ಟ ಸ್ವಲ್ಪ ದಿನಕ್ಕೆ, ಹೊರಗಿನವರ ಮೊದಲ ಸೊಂಟದ ಸೀಟು ಮೇಜಿನ ಮೇಲಿದ್ದಾಗ, ಗಂಡ ಬಾಗಿಲಿಗೆ ಒರಗಿ ನಿಂತು ಯಾವುದೋ ವೈರು ಸುತ್ತುತ್ತಾ, ಅವಳ ಕಡೆ ನೋಡದೆ ಹೇಳಿದ್ದ. "ಮಗುಚೋಕೆ ಮುಂಚೆ ಮೇಲೊಂದು ಚಾಕ್ ಗೆರೆ ಹಾಕ್ಕೋ. ಮಗುಚಿದ್ರೆ ಎಡ ಬಲ ಆಗತ್ತೆ. ನಾವು ದೀಪದ ಬೋರ್ಡ್ ಮಾಡೋವಾಗ ಹಾಗೇ ಮಾಡ್ತೀವಿ." ಒಳ್ಳೆ ಮಾತು ಅಂದುಕೊಂಡು ಹಿಡಿದುಕೊಂಡಿದ್ದಳು. ಇವನಿಗೆ ಹೇಗೆ ಹೊಳೆಯಿತು ಎಂದು ಕೇಳಿರಲಿಲ್ಲ. ವರ್ಷ ಕಳೆದ ಹಾಗೆ ಅದು ಅವಳದೇ ಪಾಠವಾಯಿತು, ಎಷ್ಟೋ ಹೆಂಗಸರ ಕೈಗೆ ಪೆಟ್ಟು ಬಿತ್ತು. ಅವಳು ಮಾತ್ರ ಒಂದು ಸಲವೂ ಹಿಂದಿರುಗಿ ಆ ಮೊದಲ ಸೀಟಿನ ಬಗ್ಗೆ ಯೋಚಿಸಲಿಲ್ಲ. ಯೋಚಿಸುವುದು ಯಾಕೆ, ಸಿಂಹಾಸನ ಅಂದಿದ್ದನಲ್ಲ. ಅವಳು ಕಾರು ಓಡಿಸುವವಳಲ್ಲ, ಆ ಸೀಟಿನಲ್ಲಿ ಕೂತವಳೂ ಅಲ್ಲ.

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?" ಎಂದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಸೀಟಿಗೇ ಹೇಳಿದಳು. "ಎಡ ಬಲ ಆಗಿದೆ ಕಣೇ ಅಂತ ಒಂದು ಮಾತು. ನಾನೇನು ತಲೆ ತೆಗೀತಿದ್ನಾ? ಬಂದೋರ ಮುಂದೆಲ್ಲ ನಾನು ಕೊಚ್ಕೊಳ್ತಾ ಇದ್ರೆ ಪಕ್ಕದಲ್ಲಿ ನಿಂತು ತಲೆ ಆಡಿಸ್ತಿದ್ರಲ್ಲ, ಗುಮ್ಮನಗುಸುಕ."

ಸಿಟ್ಟು ಬಂದಿತ್ತು ಅವಳಿಗೆ. ಅವನು ಹೋದ ಮೇಲೆ ಬಂದ ಮೊದಲ ಸಿಟ್ಟು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು, ಕಿವಿ ಬಿಸಿಯಾಯಿತು. ಆಮೇಲೆ ಎರಡೂ ಇಳಿದು ಮತ್ತೆ ಅದೇ ಜೋಮು. ಹಸಿರು ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಹಾರನ್ನು, ಗಡಿಯಾರ, ಚಾಲಕನ ಸೀಟು ಕೊನೆಗೆ, ಎಲ್ಲ ಈಗ ಅರ್ಥವಾಗುತ್ತಿತ್ತು. ಸೀಟು ಬಿಚ್ಚಿದರೆ ಅವಳಿಗೆ ಕಾಣುತ್ತದೆ. ಕಾಣಬಾರದು ಎಂದು ತನ್ನ ಕಾರನ್ನೇ ಅರ್ಧಕ್ಕೆ ನಿಲ್ಲಿಸಿಕೊಂಡಿದ್ದ.

ಮಧ್ಯಾಹ್ನ ಎದ್ದು ಮನೆಯೊಳಗೆ ಹೋಗಿ ಗಂಡನ ಪ್ಯಾಂಟೊಂದನ್ನು ತಂದಳು. ಮೇಜಿನ ಮೇಲೆ ಹಾಸಿ ಎರಡು ಕಾಲುಗಳ ವ್ಯತ್ಯಾಸಕ್ಕೆ ಬೆರಳಿಟ್ಟು ಅಳೆದಳು. ಆಮೇಲೆ ಸೀಟನ್ನು ಪೂರಾ ಬಿಚ್ಚಿ ಸ್ಪ್ರಿಂಗುಗಳಿಗೆ ಎಣ್ಣೆ ಬಿಟ್ಟು, ಕಾರ್ಖಾನೆಯವರು ತುಂಬಿದ ಹಾಗೇ ಕತ್ತದ ನಾರು ತುಂಬಿದಳು. ಮೇಲಿನ ಹೊದಿಕೆಯನ್ನು ಕಾರ್ಖಾನೆಯ ಎಳೆಯಲ್ಲೇ ಹೊಲಿದಳು. ಅದರೊಳಗೆ, ಚಾಕಿನ ಗೆರೆಯಿದ್ದ ಬದಿಗೆ, ಎರಡು ಬೆರಳು ಎತ್ತರದ ಹೊಸ ದಿಂಡು ಕೂರಿಸಿದಳು. ತನ್ನ ಹಳೆಯದನ್ನು ಒಲೆಗೆ ಹಾಕಿದಳು. ಅವನ ಚೂರುಗಳನ್ನು ಒಂದೊಂದಾಗಿ ಕೊಡವಿ ಮಡಚಿ ಕಪಾಟಿನಲ್ಲಿಟ್ಟಳು.

ಅದು ಕಾರ್ಖಾನೆಯ ಸೀಟೂ ಅಲ್ಲ, ಅವನು ಕೂತ ಸೀಟೂ ಅಲ್ಲ. ಅವಳು ಆಗಲೇ ಮಾಡಬೇಕಿದ್ದ ಸೀಟು.

ಪರೀಕ್ಷಕರು ಬಂದರು. ದಪ್ಪ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡುವವರು, ಒಳ್ಳೆಯ ಮನುಷ್ಯ. ವೈರಿನ ಕಟ್ಟಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ತಲೆಕೆಳಗಾದ ಕ್ಲಿಪ್ಪು ಕಂಡಾಗ ನಕ್ಕರು. "ಇದನ್ನ ಎಲ್ಲರೂ ನೆಟ್ಟಗೆ ಹಾಕಿ ಕೆಡಿಸ್ತಾರೆ. ಮಾಡಿದೋರು ಯಾರು?"

"ಅಣ್ಣ. ಹೋಗ್ಬಿಟ್ಟ" ಅಂದ ಮೈದುನ. ಬೆಂಕಿಪೊಟ್ಟಣ ಅವನ ಕೈಯಲ್ಲೇ ಇತ್ತು.

ಸೂರಿನ ಕಲೆಯನ್ನು ನೋಡಿ "ಬಟ್ಟೆ ಹಳೇದೇ, ಕಲೆ ಇದ್ರೆ ಪರವಾಗಿಲ್ಲ" ಅಂದರು. ಕೊನೆಗೆ ಚಾಲಕನ ಸೀಟಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು.

"ಹೊಲಿಗೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಅಮ್ಮ, ಸೀಟು ಬಲಗಡೆ ಎದ್ದಿದೆ."

ಮೈದುನ ಅತ್ತಿಗೆಯ ಮುಖ ನೋಡಿದ. "ಅವರ ಕೈಲಿ ಹಾಗಾಗೋದೇ ಇಲ್ಲ ಸಾರ್."

"ಎದ್ದಿರೋದು ನಿಜ" ಅಂದಳು ಸೀಟಿನಕ್ಕ. "ಅವರಿಗೆ ಅಷ್ಟು ಬೇಕು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಹೇಳಿದರು, "ದಿಂಡು ತೆಗೆದುಬಿಡಿ, ನಾನು ಸಂಜೆವರೆಗೂ ಇರ್ತೀನಿ. ಬಿಲ್ಲೆ ಚೀಲದಲ್ಲೇ ಇದೆ. ಇಂಥ ಕಾರಿಗೆ ಕೊಡದೆ ಹೋಗೋಕೆ ನನಗೂ ಮನಸ್ಸಿಲ್ಲ."

"ಬೇಡ ಸಾರ್. ಇದು ಹೀಗೇ ಇರ್ಲಿ."

"ಅತ್ತಿಗೆ" ಎಂದು ಮೈದುನ ಅವಳನ್ನು ಶೆಡ್ಡಿನ ಮೂಲೆಗೆ ಕರೆದ. ಅವನ ದನಿ ಜೀವಮಾನದಲ್ಲೇ ಮೊದಲ ಸಲ ಸಣ್ಣದಾಗಿತ್ತು. "ಅವನು ಇಷ್ಟು ವರ್ಷ ಕಷ್ಟಪಟ್ಟಿದ್ದು ಇದಕ್ಕೇ ಅಲ್ವಾ? ಬಿಲ್ಲೆ ಬೇಡ ಅನ್ನೋಕೆ ನಾವ್ಯಾರು?"

"ನಿಮ್ಮಣ್ಣನಿಗೆ ಬಿಲ್ಲೆನೇ ಹೆಚ್ಚಾಗಿದ್ರೆ ಸೀಟು ಯಾವತ್ತೋ ಬಿಚ್ಚಿಸ್ತಿದ್ರು" ಅಂದಳು. "ಮೊದಲು ದಿಂಡು ಹಾಕಿದಾಗ ನಾನು ಎಡ ಬಲ ಮಾಡಿದ್ದೆ. ಅದು ನನಗೆ ಗೊತ್ತಾಗ್ಬಾರ್ದು ಅಂತ ಕದ್ದುಮುಚ್ಚಿ ಚಿಂದಿ ತುರುಕ್ಕೊಂಡು ಕೂತ್ರು, ಬಿಲ್ಲೆ ಬಿಟ್ರು. ನಾನೀಗ ಏನೂ ಆಗಿಲ್ಲ ಅನ್ನೋ ಹಾಗೆ ಸಪಾಟು ಮಾಡಿ ಇಸ್ಕೋಬೇಕಾ?"

ಮೈದುನ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಪರೀಕ್ಷಕರು ಹೋಗುವಾಗ ಕಾರಿನ ಕೆನ್ನೆಯನ್ನು ಒಮ್ಮೆ ತಟ್ಟಿ ಹೋದರು.

ಸಂಜೆ ಮಗಳು ಮಕ್ಕಳನ್ನೆಲ್ಲ ಮನೆಮನೆಗೆ ಬಿಟ್ಟು ಬಂದಳು. ಚಿಕ್ಕಪ್ಪನಿಂದ ಕಥೆಯೆಲ್ಲ ಕೇಳಿ ಕಾರಿನ ಕೀಲಿ ತೆಗೆದುಕೊಂಡಳು. "ಬಾಮ್ಮ, ಒಂದು ಸುತ್ತು ಹೋಗಿ ಬರೋಣ." ಸೀಟಿನಕ್ಕ ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತಳು. ಕಾರು ಶೆಡ್ಡು ದಾಟಿ, ಹಿಟ್ಟಿನ ಗಿರಣಿ ದಾಟಿ, ದೊಡ್ಡ ರಸ್ತೆಗೆ ಬಂತು.

"ನಾನು ನಿನ್ನ ಕಡೆಗೇ ಜಾರ್ತಾ ಇದೀನಿ" ಅಂದಳು ಮಗಳು.

"ನಿನ್ನ ಕಾಲು ಸರಿಯಿದೆ, ಅದಕ್ಕೆ."

"ಅಪ್ಪ ಕೂತಿದ್ರೆ ನೆಟ್ಟಗೆ ಇರ್ತಿದ್ರು."

"ಹೂಂ" ಅಂದು ಅವಳು ಆ ಕಡೆ ತಿರುಗಿದಳು, ಅವನು ನೆಟ್ಟಗೆ ಕೂತರೆ ಹೇಗಿರುತ್ತಿದ್ದ ಎಂದು ನೋಡುವವಳ ಹಾಗೆ. ಅವನ ಚಿಂದಿಯ ಅಟ್ಟಿ ತೆಗೆದ ಮೇಲೆ ಸೀಟು ಕೆಳಗಿಳಿದಿತ್ತು. ಮಗಳ ತಲೆಗೂ ಸೂರಿನ ಎಣ್ಣೆಯ ಕಲೆಗೂ ನಡುವೆ ಒಂದು ಗೇಣು ಖಾಲಿ ಜಾಗವಿತ್ತು. ಬೆಳೀತಾ ಇದೀನಿ ಕಣೇ ಅಂದಿದ್ದ. ಅವಳು ಆ ಜಾಗವನ್ನೇ ನೋಡಿದಳು. ಅಳು ಬಂತು. ಇಷ್ಟು ದಿನ ಎಲ್ಲಿತ್ತೋ, ಸೆರಗು ಬಾಯಿಗೊತ್ತಿದರೂ ನಿಲ್ಲಲಿಲ್ಲ.

ಮಗಳು ಗಾಬರಿಯಾಗಿ ಕಾರನ್ನು ರಸ್ತೆಯ ಬದಿಗೆ ಎಳೆದಳು.

"ನಿಲ್ಲಿಸ್ಬೇಡ" ಅಂದಳು ಸೀಟಿನಕ್ಕ. "ಹೋಗ್ತಾ ಇರು."